ಅಂಧೇರಿಗೆ ಬಂದ ಊರಿನ ತರುಣನಿಗೆ: ಮತ, ಗಿರಣಿ ಮತ್ತು ಹತ್ತು ಗಂಟೆಯ ದುಡಿಮೆ

ಆತ್ಮೀಯರೇ,

ಕಾರ್ಕಳದಿಂದ ಬಂದು ಅಂಧೇರಿಯ ಕಂಪನಿಯೊಂದಕ್ಕೆ ಸೇರಿ ಇನ್ನೂ ತಿಂಗಳು ತುಂಬದ ನೀವು ನನ್ನಲ್ಲಿ ಕೆಲವು ಪ್ರಶ್ನೆಗಳನ್ನು ಕೇಳಿದ್ದೀರಿ. ಬಾಡಿಗೆಮನೆ ಹಿಡಿಯುವಾಗ ಏನನ್ನು ಗಮನಿಸಬೇಕು, ಮರಾಠಿ ಬಾರದಿದ್ದರೆ ನಡೆಯುತ್ತದೆಯೇ, ಮತದಾರರ ಪಟ್ಟಿಯ ಹೆಸರನ್ನು ಊರಿನಿಂದ ಇಲ್ಲಿಗೆ ವರ್ಗಾಯಿಸಬೇಕೇ ಎಂಬವು ಮೊದಲಿನವು. ಕೊನೆಯ ಪ್ರಶ್ನೆಯನ್ನು ನಿಮ್ಮ ಮಾತಿನಲ್ಲಿಯೇ ಇಡುತ್ತೇನೆ: "ಊರಿನಲ್ಲಿ ಯಾರಿಗೆ ಮತ ಹಾಕಿದರೂ ಕೊನೆಗೆ ಕಂಪನಿಗಳದ್ದೇ ಕಾರುಬಾರು ಎನ್ನಿಸುತ್ತಿತ್ತು. ಮುಂಬಯಿಯಲ್ಲಾದರೂ ಬೇರೆ ಆಯ್ಕೆ ಇದೆಯೇ?"

ಮೊದಲ ಎರಡಕ್ಕೆ ನಿಮ್ಮ ಕೋಣೆಯ ಜೊತೆಗಾರರು ನನಗಿಂತ ಚೆನ್ನಾಗಿ ಉತ್ತರಿಸಬಲ್ಲರು. ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ರೂಪದಲ್ಲಿರುತ್ತದೆ. ಅದನ್ನು ನೋಂದಣಿ ಮಾಡಿಸುವುದು ಮಹಾರಾಷ್ಟ್ರದ ಬಾಡಿಗೆ ಕಾಯಿದೆಯ ಪ್ರಕಾರ ಮನೆಯ ಮಾಲೀಕನ ಹೊಣೆ, ಆದ್ದರಿಂದ ನೋಂದಣಿ ಬೇಡವೆನ್ನುವ ಮಾಲೀಕನ ಮನೆ ನಿಮಗೂ ಬೇಡ. ಮರಾಠಿಯನ್ನು ಕಲಿಯಿರಿ. ತುಳು, ಕನ್ನಡ, ಕೊಂಕಣಿಗಳ ನಡುವೆ ಬೆಳೆದವರಿಗೆ ಅದು ಕಷ್ಟವೆಂದರೆ ನಾನು ನಂಬುವುದಿಲ್ಲ.

ಕೊನೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ಹಿಂದಕ್ಕೆ ಹೋಗಿಯೇ ಉತ್ತರಿಸಬೇಕು.

ನಾನು ಈ ನಗರಕ್ಕೆ ಬಂದದ್ದು ಬಟ್ಟೆ ಗಿರಣಿಗಳ ಮುಷ್ಕರದ ಹಿಂದಿನ ಮಳೆಗಾಲದಲ್ಲಿ. ಹಗಲು ಪರೇಲಿನ ಹೋಟೆಲೊಂದರಲ್ಲಿ ಕೆಲಸ, ರಾತ್ರಿ ಕನ್ನಡ ಶಾಲೆ. ಆ ಕಾಲದಲ್ಲಿ ನಮ್ಮ ಕಡೆಯ ಹುಡುಗರಿಗೆ ಅದೇ ವಾಡಿಕೆಯ ದಾರಿಯಾಗಿತ್ತು. ಬರುವಾಗ ನಾನು ಊರಿನಿಂದ ಒಂದು ನಂಬಿಕೆಯನ್ನೂ ತಂದಿದ್ದೆ. ನಮ್ಮ ಗೇಣಿಯ ಗದ್ದೆ ಡಿಕ್ಲರೇಶನ್ನಿನಲ್ಲಿ, ಅಂದರೆ ಉಳುವವನಿಗೆ ಭೂಮಿ ಕೊಟ್ಟ ಭೂಸುಧಾರಣೆಯಲ್ಲಿ, ತಂದೆಯವರ ಹೆಸರಿಗೆ ಆಗಿತ್ತು. ಅದು ಹೇಗೆಂದು ನಿಮಗೆ ವಿವರಿಸಬೇಕಾಗಿಲ್ಲ. ನಿಮ್ಮ ಅಜ್ಜನವರೂ ಗೇಣಿದಾರರು ಭೂಮಿಯ ಹಕ್ಕು ಕೇಳುವ ಏಳನೇ ನಂಬರಿನ ಫಾರಂ ತುಂಬಿದವರೋ, ಇಲ್ಲವೇ ಅದರಿಂದ ಭೂಮಿ ಕಳೆದುಕೊಂಡವರೋ ಆಗಿರುತ್ತಾರೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ಕಾಯಿದೆಯ ಒಂದು ತಿದ್ದುಪಡಿ ಕರಾವಳಿಯ ಮನೆ ಮನೆಯ ಲೆಕ್ಕವನ್ನು ಬದಲಿಸಿದ್ದನ್ನು ಕಂಡಿದ್ದ ನನಗೆ, ಸರಿಯಾದವರಿಗೆ ಮತ ಹಾಕಿದರೆ ದುಡಿದವನ ಕೈಗೆ ನೆಲ ಬರುತ್ತದೆ ಎಂಬುದರಲ್ಲಿ ಸಂಶಯವೇ ಇರಲಿಲ್ಲ.

1982ರ ಜನವರಿ 18ರಂದು ಗಿರಣಿಗಳು ನಿಂತವು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಅವರು ಕೇಳಿದ್ದು ಸಂಬಳ, ಬೋನಸ್ಸು ಮಾತ್ರವೆಂದು ಈಗ ಹಲವರು ತಿಳಿದಿದ್ದಾರೆ. ತಮ್ಮ ಸಂಘವನ್ನು ತಾವೇ ಆರಿಸಿಕೊಳ್ಳುವ ಹಕ್ಕೂ ಆ ಬೇಡಿಕೆಗಳಲ್ಲಿತ್ತು. 1946ರ ಮುಂಬಯಿ ಔದ್ಯೋಗಿಕ ಸಂಬಂಧಗಳ ಕಾಯಿದೆಯ ಪ್ರಕಾರ ಇಡೀ ಬಟ್ಟೆ ಉದ್ಯಮದ ಕಾರ್ಮಿಕರ ಪರವಾಗಿ ಮಾತುಕತೆ ನಡೆಸುವ ಅಧಿಕಾರವಿದ್ದದ್ದು ಒಂದೇ ಒಂದು ಮಾನ್ಯ ಸಂಘಕ್ಕೆ, ಅಂದರೆ ಕಾಂಗ್ರೆಸ್ಸಿನ ನೆರಳಿನಲ್ಲಿದ್ದ ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ. ಕಾರ್ಮಿಕರು ಬೇರೊಬ್ಬ ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಹೋದರು, ಆದರೆ ಕಾನೂನಿನ ಕಣ್ಣಿಗೆ ಸಾಮಂತರು ಕಾಣಲೇ ಇಲ್ಲ. ದೆಹಲಿಯಲ್ಲಿಯೂ ಮುಂಬಯಿಯಲ್ಲಿಯೂ ಕಾಂಗ್ರೆಸ್ಸೇ ಇತ್ತು, ಮಾಲೀಕರಿಗೆ ಅವಸರವಿರಲಿಲ್ಲ. ಆ ಮುಷ್ಕರವನ್ನು ಯಾರೂ ವಿಧಿವತ್ತಾಗಿ ಹಿಂದಕ್ಕೆ ಪಡೆಯಲೂ ಇಲ್ಲ.

ನಮ್ಮ ಹೋಟೆಲಿನ ಉದ್ರಿ ಪುಸ್ತಕ ಆ ವರ್ಷ ದಪ್ಪವಾಯಿತು. ರತ್ನಾಗಿರಿ, ಸಾತಾರಾ ಕಡೆಯ ನೇಕಾರರು ಮೊದಲು ಊಟ ಬಿಟ್ಟು ತಿಂಡಿಗೆ ಇಳಿದರು, ಅನಂತರ ಬರಿಯ ಚಹಾಕ್ಕೆ, ಆಮೇಲೆ ಹಲವರು ಬರುವುದನ್ನೇ ನಿಲ್ಲಿಸಿದರು. ನಮ್ಮ ಧನಿಗಳು ಆ ಬಾಕಿಯನ್ನು ಯಾರಲ್ಲಿಯೂ ಕೇಳಲಿಲ್ಲ. ಇದನ್ನು ನಾನು ಹೆಮ್ಮೆಯಿಂದಲೇ ಬರೆಯುತ್ತೇನೆ.

1984ರ ಲೋಕಸಭಾ ಚುನಾವಣೆಯಲ್ಲಿ, ದೇಶವೆಲ್ಲ ಕಾಂಗ್ರೆಸ್ಸಿನ ಕಡೆ ಹೊರಳಿದ್ದಾಗ, ಮುಂಬಯಿ ದಕ್ಷಿಣ ಮಧ್ಯ ಕ್ಷೇತ್ರದ ಜನ ಸಾಮಂತರನ್ನು ಪಕ್ಷೇತರರಾಗಿ ಗೆಲ್ಲಿಸಿದರು. ಮತದಾರನಿಂದ ಇದಕ್ಕಿಂತ ಹೆಚ್ಚಿನದನ್ನು ಕೇಳಲು ಸಾಧ್ಯವೇ? ಆದರೂ ಕೆಲಸ ಕಳೆದುಕೊಂಡವರಿಗೆ ಕೆಲಸ ಮರಳಲಿಲ್ಲ. ಮತಪೆಟ್ಟಿಗೆ ತಲುಪುವ ಮೊದಲೇ ಯಾವ ಸಂಘ ಮಾತನಾಡಬೇಕು, ಯಾವುದು ಬಾಯಿ ಮುಚ್ಚಿರಬೇಕು ಎಂಬುದು ತೀರ್ಮಾನವಾಗಿಬಿಟ್ಟಿತ್ತು. ನನ್ನ ಪಾಲಿಗೆ ಇದು ಈ ನಗರದ ಮೊದಲ ಕಠಿಣ ಪಾಠ.

ಎರಡನೆಯದು ನೆಲದ ಪಾಠ, ಮತ್ತು ಅದು ಇನ್ನೂ ಕಹಿಯಾದದ್ದು. ಗಿರಣಿಗಳ ಕೆಳಗಿದ್ದದ್ದು ಸುಮಾರು 600 ಎಕರೆ. 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳಲ್ಲಿ, ಕಾಂಗ್ರೆಸ್ ಸರ್ಕಾರವಿದ್ದಾಗ, 58ನೆಯ ನಿಯಮ ಬಂತು: ಗಿರಣಿಯ ಜಾಗವನ್ನು ಮತ್ತೆ ಕಟ್ಟುವುದಾದರೆ ಮೂರನೇ ಒಂದು ಪಾಲು ಮೈದಾನ, ಉದ್ಯಾನಗಳಿಗಾಗಿ ಪಾಲಿಕೆಗೆ, ಇನ್ನೊಂದು ಪಾಲು ಜನಸಾಮಾನ್ಯರ ಮನೆಗಳಿಗಾಗಿ ರಾಜ್ಯದ ವಸತಿ ಮಂಡಳಿಯಾದ ಮ್ಹಾಡಾಕ್ಕೆ, ಉಳಿದದ್ದು ಮಾಲೀಕನಿಗೆ. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. 2001ರಲ್ಲಿ, ರಾಜ್ಯದಲ್ಲಿ ಕಾಂಗ್ರೆಸ್ ಮತ್ತು ಎನ್‌ಸಿಪಿಯ ಸರ್ಕಾರವೂ ಪಾಲಿಕೆಯಲ್ಲಿ ಶಿವಸೇನೆಯೂ ಇದ್ದಾಗ, ಅದೇ ನಿಯಮಕ್ಕೆ ತಿದ್ದುಪಡಿಯಾಗಿ, ಹಂಚಬೇಕಾದದ್ದು ಇಡೀ ಜಾಗವನ್ನಲ್ಲ, ಕಟ್ಟಡವಿಲ್ಲದ ಖಾಲಿ ಜಾಗವನ್ನು ಮಾತ್ರ ಎಂದಾಯಿತು. ಗಿರಣಿಯೆಂದರೆ ಕಟ್ಟಡಗಳೇ ತುಂಬಿರುವ ಸ್ಥಳ. ಅಲ್ಲಿ ಖಾಲಿ ಜಾಗ ಎಷ್ಟಿದ್ದೀತು? ಮುಂಬಯಿ ಹೈಕೋರ್ಟು 2005ರಲ್ಲಿ ಜನರ ಪರವಾಗಿ ನಿಂತಿತು, 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ನೀವು ಭಾನುವಾರ ಸುತ್ತಲು ಹೋಗುವ ಲೋವರ್ ಪರೇಲಿನ ಫೀನಿಕ್ಸ್ ಒಂದು ಕಾಲದ ಗಿರಣಿ, ಕಮಲಾ ಮಿಲ್ಸಿನ ಹೋಟೆಲು, ಕಚೇರಿಗಳೂ ಹಾಗೆಯೇ. ಕೆಲಸಗಾರರಿಗೆ ದೊರೆತದ್ದು ಮನೆಗಳ ಲಾಟರಿ. 2012ರಲ್ಲಿ ಮೊದಲನೆಯದು ನಡೆಯಿತು, ಅರ್ಜಿ ಹಾಕಿದವರು ಲಕ್ಷಕ್ಕೂ ಮೀರಿ, ಮನೆಗಳು ಕೆಲವೇ ಸಾವಿರ. ಉಳಿದವರಿಗೆ ಈಗ ಶೇಲು ಮತ್ತು ವಾಂಗಣಿಯಲ್ಲಿ, ಕರ್ಜತ್ ಲೋಕಲ್ಲಿನ ದಾರಿಯಲ್ಲಿ, ಮನೆ ಕೊಡುವ ಮಾತು ನಡೆದಿದೆ.

ಯಾರಿಗೆ ಮತ ಹಾಕಿದ್ದರೆ ಆ ನೆಲ ಉಳಿಯುತ್ತಿತ್ತು ಎಂದು ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ, ಉತ್ತರ ಸಿಕ್ಕಿಲ್ಲ. ದಾದರಿನ ಕೊಹಿನೂರ್ ಗಿರಣಿಯ ಜಾಗ 2005ರಲ್ಲಿ 421 ಕೋಟಿ ರೂಪಾಯಿಗೆ ಹರಾಜಾದಾಗ ಅದನ್ನು ಕೊಂಡ ಕೂಟದಲ್ಲಿ, ಮರಾಠಿ ಕಾರ್ಮಿಕನ ಹೆಸರಿನಲ್ಲಿ ಬೆಳೆದ ಶಿವಸೇನೆಯ ಮಾಜಿ ಮುಖ್ಯಮಂತ್ರಿಯವರ ಪುತ್ರರೂ ಠಾಕ್ರೆ ಮನೆತನದ ನಾಯಕರೊಬ್ಬರೂ ಇದ್ದರು. ಕಾನೂನಿನ ಪ್ರಕಾರವೇ ಕೊಂಡರು, ಅದರಲ್ಲಿ ಆಕ್ಷೇಪವಿಲ್ಲ. ಆದರೆ ಊರಿನಲ್ಲಿ ಒಂದು ತಿದ್ದುಪಡಿ ಒಕ್ಕಲಿಗೆ ಗದ್ದೆ ಕೊಟ್ಟಿತು, ಇಲ್ಲಿ ಒಂದು ತಿದ್ದುಪಡಿ ಕಾರ್ಮಿಕನಿಂದ ನೆಲವನ್ನು ದೂರ ಮಾಡಿತು, ಮತ್ತು ಇಲ್ಲಿನ ತಿದ್ದುಪಡಿಯ ಬಗ್ಗೆ ಯಾವ ಪಕ್ಷವೂ ಚುನಾವಣೆಯಲ್ಲಿ ಜನರ ಮುಂದೆ ನಿಂತು ಮತ ಕೇಳಿದ್ದು ನನಗೆ ನೆನಪಿಲ್ಲ.

ನನ್ನನ್ನು ಇಂದಿಗೂ ಕೊರೆಯುವುದು ನಮ್ಮವರ ಮೌನ. ಮುಂಬಯಿಯ ನಮ್ಮ ಊರವರ ಸಂಘಗಳ ಸಭಾಗೃಹಗಳಲ್ಲಿ ಯಕ್ಷಗಾನಕ್ಕೆ, ಸನ್ಮಾನಕ್ಕೆ, ಹಾರ ತುರಾಯಿಗಳಿಗೆ ದೊರೆತ ವೇದಿಕೆ ಗಿರಣಿಯ ನೆಲದ ಮಾತಿಗೆ ದೊರೆತದ್ದನ್ನು ನಾನು ಕಾಣೆ. ಆ ಕಾರ್ಮಿಕರ ಹಸಿವಿನ ಮೇಲೆಯೇ ನಮ್ಮ ಎಷ್ಟೋ ಹೋಟೆಲುಗಳ ಗಲ್ಲೆ ತುಂಬಿತ್ತು. ಕಾರಣವೂ ಇಲ್ಲದಿಲ್ಲ. ಶಿವಸೇನೆ ಹುಟ್ಟಿದ 1966ರ ಅನಂತರದ ವರ್ಷಗಳಲ್ಲಿ ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬಿದ್ದುದನ್ನು ಕಂಡ ಹಿರಿಯರು, "ನಮಗ್ಯಾಕೆ ರಾಜಕೀಯ, ಹೊಟ್ಟೆಪಾಡು ನೋಡು" ಎಂದು ನಮಗೆ ಕಲಿಸಿದ್ದರು. ಹಾಗೆಂದು ನಮ್ಮಲ್ಲಿ ಧೈರ್ಯವಂತರೇ ಇರಲಿಲ್ಲವೆಂದಲ್ಲ. 1967ರಲ್ಲಿ ಮುಂಬಯಿ ದಕ್ಷಿಣದಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದ ಜಾರ್ಜ್ ಫರ್ನಾಂಡಿಸ್ ಮಂಗಳೂರಿನವರು; ಬರಿಗೈಯಲ್ಲಿ ಬಂದು ಟ್ಯಾಕ್ಸಿ ಚಾಲಕರನ್ನೂ ಪಾಲಿಕೆಯ ನೌಕರರನ್ನೂ ಸಂಘಟಿಸಿದವರು. ಅವರ ಮುಂದಿನ ರಾಜಕೀಯವನ್ನು ಒಪ್ಪದವರೂ ಆ ಗೆಲುವನ್ನು ನೆನೆದರೆ ಬೆನ್ನು ನೇರ ಮಾಡಿಕೊಳ್ಳುತ್ತಾರೆ.

ಇನ್ನು ನಿಮ್ಮ ಕಾಲದ ಮಾತು. 2019ರಲ್ಲಿ ಇಲ್ಲಿ ಒಂದು ಮೈತ್ರಿಗೆ ಮತ ಹಾಕಿದವರು ಬೇರೊಂದು ಮೈತ್ರಿಯ ಸರ್ಕಾರವನ್ನು ಪಡೆದರು; 2022ರಲ್ಲಿ ಶಿವಸೇನೆ, 2023ರಲ್ಲಿ ಎನ್‌ಸಿಪಿ ಒಡೆದು, ಒಂದೇ ಮತ ಎಲ್ಲೆಲ್ಲಿಗೋ ಹೋಯಿತು. 2022ರ ಮಾರ್ಚಿನಲ್ಲಿ ಮುಂಬಯಿ ಪಾಲಿಕೆಯ ಅವಧಿ ಮುಗಿದ ಮೇಲೆ ಮುಂದಿನ ಚುನಾವಣೆ ನಡೆಯುವಷ್ಟರಲ್ಲಿ 2026ರ ಜನವರಿ ಬಂದಿತ್ತು. ಅಷ್ಟು ಕಾಲ 227 ವಾರ್ಡುಗಳಲ್ಲಿ ನಗರಸೇವಕರೇ (ಕಾರ್ಪೊರೇಟರೇ) ಇಲ್ಲದೆ ಆಡಳಿತಾಧಿಕಾರಿ ನಗರವನ್ನು ನಡೆಸಿದರು. ಕಂಪನಿಗಳು ಲಾಭದ ಎಷ್ಟು ಪಾಲನ್ನು ಪಕ್ಷಗಳಿಗೆ ಕೊಡಬಹುದೆಂಬ ಮಿತಿಯನ್ನು 2017ರಲ್ಲಿ ತೆಗೆದುಹಾಕಿ ಕೊಟ್ಟವರ ಹೆಸರು ಹೊರಬಾರದ ಚುನಾವಣಾ ಬಾಂಡುಗಳಿಗೆ ದಾರಿ ಮಾಡಲಾಯಿತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ಅದನ್ನು ಅಸಾಂವಿಧಾನಿಕವೆಂದು ರದ್ದುಗೊಳಿಸುವವರೆಗೆ ಆಡಳಿತ ಪಕ್ಷವೂ ವಿರೋಧ ಪಕ್ಷಗಳಲ್ಲಿ ಹೆಚ್ಚಿನವೂ ಆ ಹಣವನ್ನು ಪಡೆದವು. ಕೆಲಸದ ಗಂಟೆಗಳನ್ನೇ ನೋಡಿ. ಕರ್ನಾಟಕದಲ್ಲಿ 2023ರಲ್ಲಿ ಬಿಜೆಪಿ ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆಯ ದುಡಿಮೆಗೆ ಅವಕಾಶ ಮಾಡಿತು. ಮರುವರ್ಷ ಕಾಂಗ್ರೆಸ್ ಸರ್ಕಾರದ ಮುಂದೆ ಐಟಿ ನೌಕರರಿಗೆ 14 ಗಂಟೆಯ ಪ್ರಸ್ತಾವ ಬಂತು. ಇಲ್ಲಿ 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಅಂಗಡಿ, ಕಚೇರಿಗಳ ದಿನದ ದುಡಿಮೆಯನ್ನು 9ರಿಂದ 10 ಗಂಟೆಗೆ ಏರಿಸಲು ಒಪ್ಪಿತು. ಹಾಗಾಗಿ ನಿಮ್ಮ ಬೇಸರ ಸುಳ್ಳೆಂದು ನಾನು ಹೇಳಲಾರೆ. ಆದರೆ ಬೆಂಗಳೂರಿನ ಆ 14 ಗಂಟೆಯ ಪ್ರಸ್ತಾವ ಮುಂದೆ ಸಾಗದೆ ನಿಂತದ್ದು ಚುನಾವಣೆಯಿಂದಲ್ಲ, ಐಟಿ ನೌಕರರ ಸಂಘ ಬೀದಿಗೆ ಇಳಿದದ್ದರಿಂದ, ಎಂಬುದನ್ನೂ ಗಮನಿಸಿ.

ನಿಮ್ಮ ಕಂಪನಿ ಎರಡು ವರ್ಷ ಕೆಲಸ ಬಿಡುವುದಿಲ್ಲವೆಂಬ ಬಾಂಡಿಗೆ ಸಹಿ ಕೇಳಿ, ಮೂಲ ಅಂಕಪಟ್ಟಿಗಳನ್ನು ತನ್ನಲ್ಲಿ ಇಡಲು ಹೇಳಿದೆಯೆಂದು ಬರೆದಿದ್ದೀರಿ. ಮೂಲ ಪ್ರತಿಗಳನ್ನು ಯಾವ ಕಾರಣಕ್ಕೂ ಕೊಡಬೇಡಿ, ತೋರಿಸಿ ಹಿಂದಕ್ಕೆ ತನ್ನಿ. ಒಬ್ಬರೇ ಹೋಗಿ ಕೇಳಬೇಡಿ. ನಿಮ್ಮೊಡನೆ ಸೇರಿದ ಎಲ್ಲರೂ ಒಟ್ಟಾಗಿ ಒಂದೇ ಪತ್ರ ಬರೆದು ಕೊಡಿ, ಅದಕ್ಕೆ ಸ್ವೀಕೃತಿಯ ಸಹಿ ಪಡೆಯಿರಿ.

ಮತವನ್ನು ವರ್ಗಾಯಿಸಿ. ಚುನಾವಣೆ ಬಂತೆಂದರೆ ಬಸ್ಸು ಮಾಡಿಕೊಂಡು ಊರಿಗೆ ಹೋಗುವ ಸಂಭ್ರಮ ನನಗೆ ಗೊತ್ತು, ಬೂತಿನ ಎದುರು ಹಳೆಯ ಸಹಪಾಠಿಗಳನ್ನು ಕಾಣುವ ಆಸೆ ನನಗೆ ಇಂದಿಗೂ ಹೋಗಿಲ್ಲ. ಆದರೆ ಎರಡು ಕಡೆ ಹೆಸರಿಡಲು ಕಾನೂನು ಬಿಡುವುದಿಲ್ಲ, ಮತ್ತು ನಿಮ್ಮ ನೀರು, ಬಸ್ಸು, ಬಾಡಿಗೆ, ದುಡಿಮೆಯ ಗಂಟೆಗಳು ತೀರ್ಮಾನವಾಗುವುದು ಇಲ್ಲಿ. ಅದಕ್ಕೆ 8ನೆಯ ನಮೂನೆಯ ಅರ್ಜಿ ಸಾಕು, ವಿಳಾಸಕ್ಕೆ ನೋಂದಾಯಿತ ಬಾಡಿಗೆ ಕರಾರು ನಡೆಯುತ್ತದೆ. ಬಾಂಡಿನ ಪ್ರತಿಯನ್ನು ಸಹಿಗೆ ಮೊದಲು ನನಗೆ ಕಳುಹಿಸಿ, ಪರಿಚಯದ ವಕೀಲರಿಗೆ ತೋರಿಸುತ್ತೇನೆ. ಅರ್ಜಿ ತುಂಬುವುದಕ್ಕೆ ಈ ಭಾನುವಾರ ಮನೆಗೆ ಬನ್ನಿ, ಊಟ ಇಲ್ಲಿಯೇ.