ಹಳೆಯ ಫ್ರೆಂಚ್ ಪಿಟೀಲು ಕಮಾನು: ಮುದ್ರೆಯನ್ನು ನಂಬಬಹುದೇ?

ಪ್ರಶ್ನೆ: ತಾತನವರ ಪಿಟೀಲಿನ ಪೆಟ್ಟಿಗೆಯಲ್ಲಿ ‘ಸಿ. ಬಜಾಂ’ ಎಂಬ ಮುದ್ರೆಯ ಕಮಾನು ಸಿಕ್ಕಿದೆ. ಎಷ್ಟೋ ವರ್ಷ ಮುಚ್ಚಿಟ್ಟಿದ್ದ ಪೆಟ್ಟಿಗೆ ತೆರೆದರೆ ಅರ್ಧ ಕೂದಲು ತುಂಡಾಗಿ ಬಿದ್ದಿತ್ತು. ಇದು ಫ್ರಾನ್ಸಿನದೇ? ಹೊಸ ಕೂದಲು ಹಾಕಿಸಿ ಪಾಲಿಶ್ ಮಾಡಿಸಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಪಾಲಿಶ್ ಮಾತ್ರ ಬೇಡ, ದಯವಿಟ್ಟು. ಉಜ್ಜುಕಾಗದ ತಾಗಿದರೆ ಮುದ್ರೆ ಸವೆಯುತ್ತದೆ, ತಲೆಯ, ಅಂದರೆ ಕೂದಲು ಸಿಕ್ಕಿಸಿರುವ ಮೇಲ್ತುದಿಯ, ಚೂಪು ಅಂಚುಗಳು ದುಂಡಗಾಗುತ್ತವೆ. ಕಮಾನು ಯಾರ ಕೈಯದೆಂದು ತಜ್ಞರು ಗುರುತಿಸುವುದು ಮುಖ್ಯವಾಗಿ ಆ ತಲೆಯ ಕೆತ್ತನೆಯಿಂದ. ಮೆತ್ತನೆಯ ಒಣಬಟ್ಟೆಯಲ್ಲಿ ರಾಳದ ಪುಡಿ ಒರೆಸಿ, ಸಾಕು.

ಬಜಾಂ ಮನೆತನ ಈಶಾನ್ಯ ಫ್ರಾನ್ಸಿನ ಮಿರ್ಕೂರ್ ಊರಿನದು. ಫ್ರಾಂಸ್ವಾ ಕ್ಸಾವಿಯೇ ಬಜಾಂ 1865ರಲ್ಲಿ ತೀರಿಕೊಂಡಾಗ ಕಸುಬು ಹದಿಹರೆಯದ ಮಗ ಶಾರ್ಲ್ ನಿಕೊಲಾ ಹೆಗಲಿಗೆ ಬಿತ್ತು. ಆತ ಅದನ್ನು ದೊಡ್ಡ ಕಾರ್ಯಾಗಾರವಾಗಿ ಬೆಳೆಸಿದ. ಮುಂದೆ ಮಗ ಲೂಯಿ, ಮೊಮ್ಮಗ ಶಾರ್ಲ್ ಅಲ್ಫ್ರೆದ್ ಕೂಡ ಕಮಾನನ್ನೇ ಮಾಡಿದರು. ಅಲ್ಲಿನ ಎಷ್ಟೋ ಕಮಾನುಗಳು ವ್ಯಾಪಾರಿಗಳ ಹೆಸರಿನ ಮುದ್ರೆ ಹೊತ್ತು ಹೋದವು. ಬಜಾಂ ಹೆಸರನ್ನು ಬೇರೆ ಕಡ್ಡಿಗೆ ಒತ್ತಿದ್ದೂ ಉಂಟು. ಹಾಗಾಗಿ ಮುದ್ರೆಯೊಂದೇ ಸಾಕ್ಷಿಯಲ್ಲ. ಕಡ್ಡಿ ಬ್ರೆಜಿಲ್‌ನ ಪೆರ್ನಾಂಬುಕೊ ಮರದ್ದೇ, ತಲೆ, ಹಿಡಿಯ ಬಳಿಯ ಕರಿಮರದ ತುಂಡು, ಬೆಳ್ಳಿಯ ಕೆಲಸ ಒಂದೇ ಕೈಯವೇ ಎಂದು ಬಲ್ಲವರಿಗೆ ತೋರಿಸಿ.

ಕೂದಲು ತುಂಡಾಗಿರುವುದು ಹೆಚ್ಚಾಗಿ ಹುಳುವಿನ ಕಾಟ. ಕತ್ತಲ ಪೆಟ್ಟಿಗೆಯಲ್ಲಿ ಅದು ಕುದುರೆಕೂದಲು ತಿನ್ನುತ್ತದೆ. ಕಮಾನನ್ನು ಹೊರಗಿಟ್ಟು, ಪೆಟ್ಟಿಗೆಯ ಬಟ್ಟೆಯ ಮಡಿಕೆಗಳನ್ನೆಲ್ಲ ವ್ಯಾಕ್ಯೂಮ್ ಮಾಡಿ ಬಿಸಿಲಿಗೆ ತೆರೆದಿಡಿ. ಇದಾಗದೆ ಹೊಸ ಕೂದಲು ಹಾಕಿಸಬೇಡಿ.

ಹಾಕಿಸುವಾಗ ಗಮನವೆಲ್ಲ ಬೆಣೆಗಳ ಮೇಲಿರಲಿ. ಸುಮಾರು 150ರಿಂದ 200 ಎಳೆಗಳ ಕಟ್ಟನ್ನು ತಲೆಯಲ್ಲಿ ಕೊರೆದ ಗೂಡಿನಲ್ಲೊಂದು, ಹಿಡಿಯ ಬಳಿಯ ಕರಿಮರದ ತುಂಡಿನ ಗೂಡಿನಲ್ಲೊಂದು ಪುಟ್ಟ ಮರದ ಬೆಣೆ ಹಿಡಿದಿಡುತ್ತದೆ. ಆ ತುಂಡಿನ ತುದಿಯ ಬೆಳ್ಳಿ ಪಟ್ಟಿಯೊಳಗಿನ ಮೂರನೆಯ ಬೆಣೆ ಕೂದಲನ್ನು ಅಗಲವಾಗಿ ಹರಡುತ್ತದೆ. ತಲೆಯ ಬೆಣೆ ದಪ್ಪವಾದರೆ ತಲೆಯ ಕೆನ್ನೆಯೇ ಸೀಳುತ್ತದೆ. ಗೂಡಿನ ಬೆಣೆಗೆ ಅಂಟು ಹಾಕಿದರೆ ಮುಂದಿನ ಸಲ ಉಳಿಯಿಂದ ಕೆತ್ತಿ ತೆಗೆಯುವಾಗ ಗೂಡು ಹಾಳು. ‘ಗೂಡಿನ ಬೆಣೆಗಳಿಗೆ ಅಂಟು ಬೇಡ’ ಎಂದು ಮೊದಲೇ ಹೇಳಿ.

ಅಳತೆಯಲ್ಲೂ ಎಚ್ಚರ ಬೇಕು. ಮಳೆಗಾಲದಲ್ಲಿ ತೇವಕ್ಕೆ ಕೂದಲು ಉದ್ದವಾಗುತ್ತದೆ. ಆಗ ಬಿಗಿಯಾಗಿ ಕತ್ತರಿಸಿದ್ದು ಮಾರ್ಚಿನ ಒಣಹವೆಗೆ ಕುಗ್ಗಿ, ತಿರುಪು ಪೂರ್ತಿ ಸಡಿಲಿಸಿದರೂ ಕಡ್ಡಿಯನ್ನು ಎಳೆದೇ ಇಡುತ್ತದೆ. ಬಾಗು ಕೆಡುವುದು, ತಲೆ ಮುರಿಯುವುದು ಹೀಗೆಯೇ. ನುಡಿಸಿದ ಮೇಲೆ ಪ್ರತಿ ಸಲ ಕೂದಲು ಸಡಿಲವಾಗುವವರೆಗೆ ತಿರುಪು ಬಿಚ್ಚಿ.