ಡ್ರೈವರ್ ಆಗಿ ರಿಟೈರ್ ಆದ ಅಪ್ಪನಿಗೆ 55 ಸಾವಿರದಲ್ಲಿ ಗೇಮಿಂಗ್ ಕಂಪ್ಯೂಟರ್: ಗ್ರಾಫಿಕ್ಸ್ ಕಾರ್ಡ್ ಆಮೇಲೆ, ಮೊದಲು ಅರ್ಥಿಂಗ್ ನೋಡಿ

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಅಪ್ಪ ಬಸ್ ಡ್ರೈವರ್ ಆಗಿ ರಿಟೈರ್ ಆಗಿದ್ದಾರೆ, ಜಮಖಂಡಿಯಲ್ಲಿ ಮನೆ, ಮೊಬೈಲ್‌ನಲ್ಲಿ ಬಸ್ ಗೇಮ್ ಆಡಿ ಆಡಿ ಕಣ್ಣು ಉರಿ, ಕತ್ತು ನೋವು ಅಂತಾರೆ. 55 ಸಾವಿರದೊಳಗೆ ಗೇಮಿಂಗ್ ಕಂಪ್ಯೂಟರ್ ಕಟ್ಟಬಹುದಾ, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಲಿ ಅಂತ ಕೇಳಿದ್ದೀರಿ.

ಕಟ್ಟಬಹುದು. ಗ್ರಾಫಿಕ್ಸ್ ಕಾರ್ಡ್, ಅಂದರೆ ಗೇಮಿನ ಚಿತ್ರ ಮೂಡಿಸೋಕೆ ಅಂತ ಬೇರೆಯಾಗಿ ಹಾಕೋ ಕಾರ್ಡ್, ಮಾತ್ರ ಈಗಲೇ ಬೇಡ.

ನಾನು ವಿಜಯಪುರದವನು. ನಮ್ಮ ಅಪ್ಪ ಲಾರಿ ಓಡಿಸಿದವರು. ಅವರಿಗೂ ಇಂಥದ್ದೇ ಒಂದು ಮಷಿನ್ ಕಟ್ಟಿಕೊಟ್ಟಿದ್ದೇನೆ. ಅದರಿಂದ ಹೇಳ್ತೀನಿ, ಇಪ್ಪತ್ತು ವರ್ಷದ ಹುಡುಗನಿಗೆ ಕಟ್ಟೋ ಲೆಕ್ಕವೇ ಬೇರೆ, ಅರವತ್ತು ದಾಟಿದವರಿಗೆ ಕಟ್ಟೋ ಲೆಕ್ಕವೇ ಬೇರೆ. ಹುಡುಗರು ದುಡ್ಡೆಲ್ಲ ಕಾರ್ಡಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಮಾನಿಟರ್, ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಬದಲಿಸಿ ಕೊಡೋ ಡಬ್ಬ) ತರ್ತಾರೆ. ನೀವು ಉಲ್ಟಾ ಮಾಡಬೇಕು. ನಿಮ್ಮ ಅಪ್ಪನ ಕಣ್ಣು, ಕೈ, ಮತ್ತೆ ನಿಮ್ಮ ಮನೆಯ ಕರೆಂಟು, ಈ ಮೂರಕ್ಕೆ ಮೊದಲು ದುಡ್ಡು ಹಾಕಿ.

ಕರೆಂಟಿನಿಂದಲೇ ಶುರು ಮಾಡ್ತೀನಿ. ಒಂದೂ ಪಾರ್ಟ್ ತರೋ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ, ಕಂಪ್ಯೂಟರ್ ಇಡೋ ಜಾಗದ ಸಾಕೆಟ್ ಚೆಕ್ ಮಾಡಿಸಿ. ಮೂರು ತೂತಿನ ಸಾಕೆಟ್ ಇದೆ ಅಂದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ನಮ್ಮ ಕಡೆ ಹಳೇ ಮನೆಗಳಲ್ಲಿ ಮೂರನೇ ತೂತಿಗೆ ವೈರೇ ಇರೋದಿಲ್ಲ, ಅಥವಾ ವೈರ್ ಇದ್ದರೂ ಅರ್ಥಿಂಗ್ ಗುಂಡಿ ಒಣಗಿ ವರ್ಷಗಳಾಗಿರುತ್ತೆ. ಮಲ್ಟಿಮೀಟರಿನಲ್ಲಿ ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್ ಆಸುಪಾಸು ಬರಬೇಕು, ಫೇಸ್‌ಗೂ ಅರ್ಥ್‌ಗೂ ನಡುವೆ ಹೆಚ್ಚುಕಮ್ಮಿ ಅಷ್ಟೇ ಬರಬೇಕು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಒಂದೆರಡು ವೋಲ್ಟ್ ಇದ್ದರೆ ಸರಿ.

ಇದಕ್ಕೆ ಇಷ್ಟು ಒತ್ತು ಯಾಕೆ ಅಂದರೆ, ಎಸ್‌ಎಂಪಿಎಸ್ ಒಳಗೆ ಕರೆಂಟಿನ ಕಸ ಸೋಸೋಕೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅವು ಎರಡೂ ಲೈನ್‌ಗಳಿಂದ ಲೋಹದ ಬಾಡಿಗೆ ಜೋಡಿಸಿರುತ್ತವೆ. ಅರ್ಥ್ ಇದ್ದರೆ ಆ ಚೂರು ಕರೆಂಟು ಸುಮ್ನೆ ನೆಲಕ್ಕೆ ಹೋಗುತ್ತೆ. ಇಲ್ಲದಿದ್ದರೆ ಕ್ಯಾಬಿನೆಟ್ ಬಾಡಿ ಸುಮಾರು ಅರ್ಧ ವೋಲ್ಟೇಜಿನಲ್ಲಿ ನಿಂತಿರುತ್ತೆ. ಬರಿಗಾಲಲ್ಲಿ ಕೂತು ಯುಎಸ್‌ಬಿ ಚುಚ್ಚೋಕೆ ಹೋದವರಿಗೆ ಜುಮ್ ಅನ್ನುತ್ತೆ. ಪ್ರಾಣಕ್ಕೆ ಅಪಾಯ ಆಗುವಷ್ಟು ಇರೋದಿಲ್ಲ ನಿಜ. ಆದರೆ ಒಂದು ಸಲ ಜುಮ್ ಅಂದರೆ ವಯಸ್ಸಾದವರು ಆ ಮಷಿನ್ ಹತ್ತಿರ ಮತ್ತೆ ಸುಳಿಯೋದಿಲ್ಲ. ನಿಮ್ಮ 55 ಸಾವಿರ ಮೂಲೆ ಸೇರುತ್ತೆ.

ಮನೆಯಲ್ಲಿ ಇನ್ವರ್ಟರ್ ಇದೆಯಾ? ಇದ್ದರೆ ಅದರ ಹಿಂದೆ ಅಥವಾ ಮುಂದೆ ಯುಪಿಎಸ್, ಇಕೋ ಅಂತ ಒಂದು ಸಣ್ಣ ಸ್ವಿಚ್ ಇದೆಯಾ ನೋಡಿ. ಇಕೋದಲ್ಲಿದ್ದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗೋದು ನಿಧಾನ, ಫ್ಯಾನು ಲೈಟಿಗೆ ಅದು ಸಾಕು, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತೆ. ಯುಪಿಎಸ್‌ಗೆ ಇಟ್ಟರೆ ಬೇಗ ಬದಲಾಗುತ್ತೆ, ಮಷಿನ್ ನಿಲ್ಲೋದಿಲ್ಲ. ಇನ್ವರ್ಟರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನ ಹಾಗೇ ನಯವಾದ ಕರೆಂಟು ಕೊಡೋದು, ಆಗಿರಬೇಕು. ಸ್ಕ್ವೇರ್ ವೇವ್ ಹಳೇ ಡಬ್ಬ ಆದರೆ ಇದಕ್ಕೆ ಜೋಡಿಸಬೇಡಿ, ಬೇರೆ 600 ವಿಎ ಯುಪಿಎಸ್ ತನ್ನಿ. ಕಾರ್ಡ್ ಇಲ್ಲದ ಈ ಮಷಿನ್ ಗೇಮ್ ಆಡುವಾಗಲೂ ನೂರು ವಾಟ್ ಆಸುಪಾಸಿನಲ್ಲೇ ಓಡುತ್ತೆ, ಅದಕ್ಕೆ ಅಷ್ಟು ಸಾಕು.

ಈಗ ಮಷಿನ್. ಪ್ರೊಸೆಸರ್ ಎಎಂಡಿ ರೈಜನ್ 5 5600ಜಿ ತಗೊಳ್ಳಿ. 2021ರದು, 6 ಕೋರ್, 12 ಥ್ರೆಡ್, ಗ್ರಾಫಿಕ್ಸ್ ಒಳಗೇ ಇದೆ, ಕೂಲರ್ ಡಬ್ಬಿಯಲ್ಲೇ ಬರುತ್ತೆ. "ಎಎಂ5 ತಗೊಳ್ಳಿ, 8600ಜಿ ಹಾಕಿ" ಅನ್ನೋರು ಸಿಗ್ತಾರೆ. ಎಎಂ5 ಅಂದರೆ ಎಎಂಡಿಯ ಹೊಸ ತಲೆಮಾರಿನ ಮದರ್‌ಬೋರ್ಡ್, 8600ಜಿ ಅದಕ್ಕೆ ಕೂರೋ ಪ್ರೊಸೆಸರ್. ಅದರ ಗ್ರಾಫಿಕ್ಸ್ ಇದಕ್ಕಿಂತ ಜೋರು, ಒಪ್ಪಿದೆ. ಆದರೆ ಬೋರ್ಡೂ ಡಿಡಿಆರ್5 ರ‍್ಯಾಮೂ ಸೇರಿ ನಿಮ್ಮ ಬಜೆಟ್ ನುಂಗಿಬಿಡುತ್ತವೆ. 5600ಜಿಗೆ ಎ520 ಬೋರ್ಡ್ ಸಾಕು. ಹಳೇ ಸ್ಟಾಕ್ ಇದ್ದರೆ ಬಯೋಸ್ (ಬೋರ್ಡನ್ನು ಶುರು ಮಾಡಿಸೋ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿಯೇ ಕೊಡಿ ಅಂತ ಅಂಗಡಿಯವರಿಗೆ ಹೇಳಿ, ಇಲ್ಲಾಂದ್ರೆ ಮನೆಗೆ ತಂದ ಮೇಲೆ ಡಿಸ್‌ಪ್ಲೇನೇ ಬರದೆ ಇರಬಹುದು.

ರ‍್ಯಾಮ್ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ. 16 ಜಿಬಿಯದು ಒಂದು ಕಡ್ಡಿ ಬೇಡ, 8 ಜಿಬಿಯ ಎರಡು ಕಡ್ಡಿ ಬೇಕು. ಒಳಗಿನ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇಲ್ಲ, ಈ ರ‍್ಯಾಮನ್ನೇ ಬಳಸುತ್ತೆ. ಡಿಡಿಆರ್4 3200ರ ಒಂದು ಕಡ್ಡಿ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತೆ, ಎರಡಿದ್ದರೆ 51.2. ಗೇಮ್ ಓಡುತ್ತಾ ತೆವಳುತ್ತಾ ಅನ್ನೋದು ಇಲ್ಲೇ ತೀರ್ಮಾನ ಆಗುತ್ತೆ. ಅಂಗಡಿಯವರು "ಮುಂದೆ ಇನ್ನೊಂದು ಹಾಕಿಸಬಹುದು ಸರ್, ಈಗ ಒಂದೇ ಇರಲಿ" ಅಂತಾರೆ. ಕೇಳಬೇಡಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳ ದೆಸೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ, ಅದಕ್ಕೆ ಈ ಭಾಗಕ್ಕೆ ಸ್ವಲ್ಪ ಕೈ ಬಿಚ್ಚಲೇಬೇಕು. ಮಷಿನ್ ಕಟ್ಟಿದ ಮೇಲೆ ಬಯೋಸಿನಲ್ಲಿ ಎಕ್ಸ್‌ಎಂಪಿ ಅನ್ನೋ ಸೆಟ್ಟಿಂಗ್ ಆನ್ ಮಾಡಿ. ಮಾಡದಿದ್ದರೆ 3200ರ ರ‍್ಯಾಮ್ ಸದ್ದಿಲ್ಲದೆ ಕಮ್ಮಿ ಸ್ಪೀಡಿನಲ್ಲಿ ಓಡುತ್ತಿರುತ್ತೆ, ನಿಮಗೆ ಗೊತ್ತೂ ಆಗೋದಿಲ್ಲ. ಗ್ರಾಫಿಕ್ಸಿಗೆ 2 ಜಿಬಿ ಮೀಸಲಿಡೋ ಸೆಟ್ಟಿಂಗೂ ಅಲ್ಲೇ ಸಿಗುತ್ತೆ.

ಗೇಮು, ಫೈಲು ಇಡೋಕೆ 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ ಸಾಕು. ಹಾರ್ಡ್ ಡಿಸ್ಕ್ ಬೇಡವೇ ಬೇಡ. ಎಸ್‌ಎಂಪಿಎಸ್ ಮಾತ್ರ 80 ಪ್ಲಸ್ ಬ್ರಾಂಝ್ (ಕರೆಂಟ್ ಪೋಲು ಕಮ್ಮಿ ಅನ್ನೋ ಗುರುತು) ಇರೋ, ಹೆಸರು ಕೇಳಿರೋ ಕಂಪನಿಯ 450 ಅಥವಾ 550 ವಾಟಿನದು. ಕ್ಯಾಬಿನೆಟ್ ಜೊತೆ ಫ್ರೀ ಬರೋ ಹಗುರ ಡಬ್ಬವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಮಾನಿಟರ್ 27 ಇಂಚು, 1080ಪಿ (ಫುಲ್ ಎಚ್‌ಡಿ), ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಕೆಡದ ಪರದೆ). ಇದನ್ನ ಗೇಮರ್ ಹುಡುಗರು ಕೇಳಿದರೆ ನಗ್ತಾರೆ, 27 ಇಂಚಿಗೆ 1080ಪಿ ಅಂದ್ರೆ ಅಕ್ಷರ ದಪ್ಪ ದಪ್ಪ ಕಾಣುತ್ತೆ ಅಂತ. ನಮಗೆ ಬೇಕಾದ್ದೂ ಅದೇ ತಾನೇ! ಅಕ್ಷರ ದೊಡ್ಡದಾಗಿ ಕಾಣುತ್ತೆ, ಒಳಗಿನ ಗ್ರಾಫಿಕ್ಸಿಗೂ ಭಾರ ಜಾಸ್ತಿ ಆಗೋದಿಲ್ಲ. ಅಪ್ಪ ಎರಡು ಪಾಲಿನ ಕನ್ನಡಕ ಹಾಕ್ತಾರಾ? ಹಾಗಿದ್ದರೆ ಮಾನಿಟರನ್ನು ಕೆಳಗೆ ಇಳಿಸಿ. ಓದುವ ಗಾಜು ಕೆಳಗಿರುತ್ತೆ, ಪರದೆ ಎತ್ತರದಲ್ಲಿದ್ದರೆ ಗದ್ದ ಎತ್ತಿ ನೋಡ್ತಾರೆ. ಕತ್ತು ನೋವು ಶುರುವಾಗೋದು ಹೀಗೇ. ಆದರೆ ಓದುವ ನಂಬರು ಕೈಯಲ್ಲಿ ಹಿಡಿದ ಪೇಪರಿನ ದೂರಕ್ಕೆ ಕೊಟ್ಟಿರೋದು, ಮಾನಿಟರ್ ಇನ್ನೂ ಹಿಂದೆ ಇರುತ್ತೆ. ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಟೇಬಲ್ಲಿನಿಂದ ಪರದೆಗೆ ಎಷ್ಟು ದೂರ ಅಂತ ಹೇಳಿ, ಆ ದೂರಕ್ಕೇ ಒಂದು ಕನ್ನಡಕ ಬರೆಸಿ. ಯಾವ ಕಾರ್ಡಿಗಿಂತಲೂ ಇದು ಹೆಚ್ಚು ಉಪಯೋಗಕ್ಕೆ ಬರುತ್ತೆ. ಬಜೆಟ್ ಎಳೆದಾಡಿದರೆ ಸದ್ಯಕ್ಕೆ ಮನೆಯ ಟಿವಿಗೇ ಎಚ್‌ಡಿಎಂಐ ಹಾಕಿ, ಟಿವಿಯಲ್ಲಿ ಗೇಮ್ ಮೋಡ್ ಆನ್ ಮಾಡಿ. ಅದಿಲ್ಲದಿದ್ದರೆ ಸ್ಟೀರಿಂಗ್ ತಿರುಗಿಸಿದ ಮೇಲೆ ಗಾಡಿ ತಡವಾಗಿ ತಿರುಗುತ್ತೆ.

ಇನ್ನು ನಿಜವಾದ ವಿಷಯಕ್ಕೆ ಬರೋಣ, ಸ್ಟೀರಿಂಗ್. ಜೀವಮಾನವೆಲ್ಲ ಬಸ್ ಓಡಿಸಿದವರ ಕೈಗೆ ಕೀಬೋರ್ಡ್ ಕೊಟ್ಟು ಗಾಡಿ ಓಡಿಸಿ ಅನ್ನೋದು ನ್ಯಾಯವಲ್ಲ. ಆದರೆ ಅಗ್ಗದ ಸ್ಟೀರಿಂಗ್‌ಗಳಲ್ಲಿ ಬಹಳಷ್ಟು 180 ಅಥವಾ 270 ಡಿಗ್ರಿ ಮಾತ್ರ ತಿರುಗುತ್ತವೆ. ಕಾರ್ ರೇಸಿಗೆ ಅದು ಸರಿ. ಸುತ್ತು ಸುತ್ತು ತಿರುಗಿಸಿ ರೂಢಿ ಇರೋ ಡ್ರೈವರಿಗೆ ಅದು ಆಟದ ಸಾಮಾನು. 900 ಡಿಗ್ರಿ ತಿರುಗೋದು, ಕ್ಲಚ್ ಸೇರಿ ಮೂರು ಪೆಡಲ್ ಇರೋದು ನೋಡಿ. ಲಾಜಿಟೆಕ್ ಜಿ29 ಒಳ್ಳೆಯದು, ಆದರೆ ನಿಮ್ಮ ಬಜೆಟ್ಟಿಗೆ ಭಾರ. ಪಿಎಕ್ಸ್‌ಎನ್ ವಿ9ರಲ್ಲಿ 900 ಡಿಗ್ರಿ, ಮೂರು ಪೆಡಲ್, ಗೇರ್ ಲಿವರ್ ಎಲ್ಲ ಇದೆ, ಕೈಗೆ ರಸ್ತೆಯ ಎಳೆತ ಮಾತ್ರ ಸಿಗೋದಿಲ್ಲ, ಬರೀ ನಡುಗುತ್ತೆ. ನಿಮಗೆ ಇದೇ ಸಾಕು. ಗ್ರಾಫಿಕ್ಸ್ ಕಾರ್ಡಿನಿಂದ ಉಳಿಸಿದ ದುಡ್ಡು ಇಲ್ಲಿಗೆ ಬರಬೇಕು.

ಗೇಮ್ ಯಾವುದು ಅಂದರೆ, ನಾನು ಹಾಕಿಕೊಟ್ಟಿದ್ದು ಯೂರೋ ಟ್ರಕ್ ಸಿಮ್ಯುಲೇಟರ್ 2. ಜೆಕ್ ದೇಶದ ಎಸ್‌ಸಿಎಸ್ ಸಾಫ್ಟ್‌ವೇರ್ ಕಂಪನಿ 2012ರಲ್ಲಿ ಬಿಟ್ಟಿದ್ದು, ಇವತ್ತಿಗೂ ಅಪ್‌ಡೇಟ್ ಬರ್ತಾನೇ ಇದೆ. 5600ಜಿಯಲ್ಲಿ ಸೆಟ್ಟಿಂಗ್ ಸ್ವಲ್ಪ ಇಳಿಸಿ, ಸ್ಕೇಲಿಂಗ್ (ಚಿತ್ರ ಎಷ್ಟು ಸೂಕ್ಷ್ಮವಾಗಿ ಬಿಡಿಸಬೇಕು ಅನ್ನೋ ಸೆಟ್ಟಿಂಗ್) ಕಮ್ಮಿ ಇಟ್ಟರೆ 1080ಪಿಯಲ್ಲಿ ಆಡಬಹುದು. ಶುರುವಿನಲ್ಲಿ ಊರು ಕೇಳುತ್ತೆ, ಆಗ ಬ್ರಿಟನ್ನಿನ ಯಾವುದಾದರೂ ಊರು ಆರಿಸಿ. ಅಲ್ಲಿ ನಮ್ಮ ಹಾಗೇ ರಸ್ತೆಯ ಎಡಕ್ಕೆ ಓಡಿಸೋದು. ಸ್ವಂತ ಟ್ರಕ್ ಕೊಂಡಾಗ ಬಲಗಡೆ ಸ್ಟೀರಿಂಗ್ ಇರೋ ಕ್ಯಾಬಿನ್ನೂ ಹಾಕಿಸಬಹುದು.

ನಮ್ಮ ಅಪ್ಪ ಬ್ರಿಟನ್ನಿನಲ್ಲಿ ಆರಾಮಾಗಿ ಓಡಾಡಿಕೊಂಡಿದ್ದರು. ಒಂದು ದಿನ ಡೋವರಿನಲ್ಲಿ ಫೆರಿ ಹತ್ತಿಸಿ ಫ್ರಾನ್ಸಿನ ಕ್ಯಾಲೆಯಲ್ಲಿ ಇಳಿಸಿದರು. ಗೇಟು ದಾಟಿದವರೇ ಬ್ರೇಕ್ ಒತ್ತಿ, ಲೈಟ್ ಡಿಪ್ಪರ್ ಹೊಡೆದು, "ಏ, ಇವರೆಲ್ಲಾ ರಾಂಗ್ ಸೈಡಿಗೆ ಬರಾಕತ್ತಾರಲ್ಲೊ!" ಅಂತ ನನ್ನನ್ನೇ ಬೈದರು. ಹಿಂದೆ ಸಾಲಾಗಿ ಗಾಡಿಗಳು ಹಾರ್ನ್ ಹೊಡೆಯುತ್ತಿವೆ, ಇವರು ಇಂಡಿಕೇಟರ್ ಹಾಕಿ ಎಡಕ್ಕೆ ಒತ್ತರಿಸಿ ನಿಂತಿದ್ದಾರೆ. ಆಮೇಲೆ ಅದೂ ರೂಢಿಯಾಯಿತು. ಈಗಲೂ ಮ್ಯಾಪ್ ಮೇಲೆ ಅವರಿಗೆ ಅನುಮಾನ. ಗೇಮಿನ ಯೂರೋಪ್ 1:19 ಅಳತೆಯದು, ಅದಕ್ಕೆ ಊರಿಂದ ಊರಿಗೆ ಬೇಗ ಮುಟ್ಟುತ್ತೆ. ಇಷ್ಟು ಕಿಲೋಮೀಟರ್ ಇಷ್ಟು ಹೊತ್ತಿನಲ್ಲಿ ಆಗೋದು ಸಾಧ್ಯವೇ ಇಲ್ಲ ಅಂತ ವಾದ ಮಾಡ್ತಾರೆ.

ಗೇರಿಗೆ ಮೊದಲು ಆಟೋಮ್ಯಾಟಿಕ್ ಇಡಿ, ಬೇಕು ಅಂದ ಮೇಲೆ ಲಿವರ್ ಹಾಕಿ. 12 ಗೇರಿನ ಟ್ರಕ್ಕಿಗೆ 6 ಗೇರಿನ ಲಿವರ್ ನಡೆಯುತ್ತೆ, ರೇಂಜ್ (ಕೆಳಗಿನ 6 ಗೇರಾ, ಮೇಲಿನ 6 ಗೇರಾ ಅನ್ನೋದು) ಬದಲಿಸೋಕೆ ಒಂದು ಬಟನ್ ಕೊಡಬೇಕು. ತಲೆ ಸುತ್ತು ಬಂದ ಹಾಗೆ ಆಗುತ್ತೆ ಅಂದರೆ ಕ್ಯಾಬಿನ್ ಅಲುಗಾಟದ ಸೆಟ್ಟಿಂಗ್ ಇಳಿಸಿ, ಸೀಟಿನ ನೋಟ ಸ್ವಲ್ಪ ಅಗಲ ಮಾಡಿ. ಡ್ರೈವರ್ ದಣಿವಿನ ಆಪ್ಷನ್ ಬೇಡವಾದರೆ ಆಫ್ ಮಾಡಬಹುದು. ನಮ್ಮ ಮನೆಯಲ್ಲಿ ಆಫ್ ಮಾಡೋಕೆ ಬಿಟ್ಟಿಲ್ಲ, ನಿದ್ದೆಗೆಟ್ಟು ಓಡಿಸಬಾರದು ಅಂತ.

ಕ್ರ್ಯಾಕ್ ಮಾಡಿದ ಗೇಮ್, ಅಂದರೆ ಕಳ್ಳ ಕಾಪಿ, ದಯವಿಟ್ಟು ಹಾಕಬೇಡಿ, ಅದರ ಜೊತೆ ವೈರಸ್ ಬರಬಹುದು. ಅದೇ ಮಷಿನಿನಲ್ಲಿ ನಾಳೆ ಅಪ್ಪ ಬ್ಯಾಂಕಿನ ಸೈಟ್ ತೆಗೀತಾರೆ. ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಯುಪಿಐ ನಡೆಯುತ್ತೆ, ಸೇಲ್ ಬಂದಾಗ ಕೊಳ್ಳಿ.

ಧೂಳು, ಸೆಕೆ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಮೇನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತೆ, ರೂಮೇ ಕಾದಿರುತ್ತೆ, ಪ್ರೊಸೆಸರ್ ಬಿಸಿ ಅದರ ಮೇಲಿಂದ ಲೆಕ್ಕ. ಮುಂದೆ ಜಾಲರಿ ಇರೋ ಕ್ಯಾಬಿನೆಟ್ ತನ್ನಿ, ಗಾಜು ಮುಚ್ಚಿದ್ದು ಬೇಡ. ಕಸ ಗುಡಿಸೋ ನೆಲದ ಮೇಲೆ ಇಡಬೇಡಿ, ಒಂದು ಸ್ಟೂಲ್ ಹಾಕಿ. ಹಿಂದಿನ ಖಾಲಿ ಸ್ಲಾಟಿನ ತಗಡು ಕಿತ್ತು ಬಿಸಾಡಬೇಡಿ, ಹಲ್ಲಿ ಒಳಗೆ ಹೋಗುತ್ತೆ. ಬ್ಲೋವರ್ ಹೊಡೆಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿಯಿರಿ.

ಕೊಳ್ಳುವಾಗ ಪ್ರೊಸೆಸರ್ ಸೀಲ್ ಡಬ್ಬಿಯದೇ ಇರಲಿ. ಟ್ರೇ ಪೀಸ್ ಅಂತ ಬಿಡಿಯಾಗಿ ಮಾರ್ತಾರೆ, ಅದಕ್ಕೆ ಎಎಂಡಿಯ 3 ವರ್ಷದ ವಾರಂಟಿ ಬರೋದಿಲ್ಲ. ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ತಗೊಳ್ಳಿ. ಆನ್‌ಲೈನ್ ನೂರಿನ್ನೂರು ಕಮ್ಮಿ ಅಂತ ಓಡಬೇಡಿ, ಮಷಿನ್ ಕೆಟ್ಟಾಗ ಅಪ್ಪ ಹೋಗಿ ಕೂರೋದು ಊರಿನ ಅಂಗಡಿಯಲ್ಲೇ.

ಯಾರಾದರೂ ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್ ತೋರಿಸಿ ಅರ್ಧ ದುಡ್ಡಿಗೆ ಕೊಡ್ತೀನಿ ಅಂದರೆ, ಇಂಟೆಲ್ 8ನೇ ಜನರೇಷನ್ ಅಥವಾ ಅದಕ್ಕಿಂತ ಹೊಸದಾ ಅಂತ ಮೊದಲು ಕೇಳಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. 6, 7ನೇ ಜನರೇಷನ್ ಮಷಿನ್‌ಗಳು ಬಹುಪಾಲು ವಿಂಡೋಸ್ 11ರ ಪಟ್ಟಿಯಲ್ಲಿಲ್ಲ, ಅದಕ್ಕೇ ರಾಶಿ ರಾಶಿ ಮಾರಾಟಕ್ಕೆ ಬಂದಿವೆ.

ವರ್ಷ ಬಿಟ್ಟು ಕಾರ್ಡ್ ಹಾಕೋ ಮನಸ್ಸಾದರೆ ಆರ್‌ಎಕ್ಸ್ 6600ರಂಥದ್ದು ನೋಡಿ, 8 ಜಿಬಿ, 132 ವಾಟ್, ಮೇಲೆ ಹೇಳಿದ ಎಸ್‌ಎಂಪಿಎಸ್ ತಾಳುತ್ತೆ. ಅಗ್ಗ ಅಂತ ಆರ್‌ಎಕ್ಸ್ 6400, 6500 ಎಕ್ಸ್‌ಟಿ ತರಬೇಡಿ. ಅವು ನಾಲ್ಕೇ ಲೇನಿನ (ಡೇಟಾ ಹೋಗೋ ದಾರಿ) ಕಾರ್ಡ್‌ಗಳು, 5600ಜಿ ಆ ದಾರಿಗೆ ಪಿಸಿಐಇ 3.0, ಅಂದರೆ ಹಳೇ ನಿಧಾನದ್ದು ಮಾತ್ರ ಕೊಡುತ್ತೆ. ಎರಡೂ ಸೇರಿ ಕಾರ್ಡಿನ ಕತ್ತು ಹಿಸುಕಿದ ಹಾಗೆ ಆಗುತ್ತೆ.

ಇನ್ವರ್ಟರ್ ಯಾವುದು, ಆ ಸ್ವಿಚ್ ಇದೆಯಾ ಅಂತ ನೋಡಿ ಕೆಳಗೆ ಬರೆಯಿರಿ. ಇಲ್ಲದಿದ್ದರೆ ಯುಪಿಎಸ್ ದುಡ್ಡು ಎಲ್ಲಿಂದ ಕಡಿಯೋದು ಅಂತ ನೋಡೋಣ. ಮಾನಿಟರನ್ನು 24 ಇಂಚಿಗೆ ಇಳಿಸಿದರೂ ಸರಿ, ಸ್ಟೀರಿಂಗ್ ಮಾತ್ರ ಮುಟ್ಟೋದು ಬೇಡ.