ಬಿಗ್ ಬರ್ಡ್ ವೇಷದ ಒಳಗಿದ್ದ ನಟ

ಅಮೆರಿಕದ ‘ಸೆಸೆಮಿ ಸ್ಟ್ರೀಟ್’ ಮಕ್ಕಳ ಕಾರ್ಯಕ್ರಮದ ಹಳದಿ ಹಕ್ಕಿ ಬಿಗ್ ಬರ್ಡ್‌ಗೆ ದನಿ ಕೊಟ್ಟವರು ಒಬ್ಬರು, ವೇಷ ತೊಟ್ಟವರು ಇನ್ನೊಬ್ಬರೇ ಎಂಬ ಅನುಮಾನ ಮೂಡಬಹುದು. ಆದರೆ ಬಹುಕಾಲ ಎರಡನ್ನೂ ನಿರ್ವಹಿಸಿದವರು 1933ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜನಿಸಿದ ಕ್ಯಾರಲ್ ಸ್ಪಿನ್ನಿ ಒಬ್ಬರೇ.

ಎಂಟು ಅಡಿಗೂ ಮಿಕ್ಕಿ ಎತ್ತರವಿದ್ದ ಆ ವೇಷದೊಳಗೆ ಅವರು ಬಲಗೈಯನ್ನು ತಲೆಯ ಮೇಲೆ ನೇರವಾಗಿ ಎತ್ತಿ ಹಿಡಿದು ಕೊಕ್ಕನ್ನು ಆಡಿಸುತ್ತಿದ್ದರು. ಅದೇ ಕೈಯ ಕಿರುಬೆರಳು ಹಕ್ಕಿಯ ಕಣ್ಣುಗಳನ್ನು ನಿಯಂತ್ರಿಸುತ್ತಿತ್ತು. ಎಡರೆಕ್ಕೆಯಲ್ಲಿ ಅವರ ಎಡಗೈ ಇರುತ್ತಿತ್ತು, ಬಲರೆಕ್ಕೆಯಾದರೋ ಗಾಳದ ದಾರದ ಮೂಲಕ ಅದಕ್ಕೆ ಜೋಡಣೆಗೊಂಡು ತಾನಾಗಿ ಚಲಿಸುತ್ತಿತ್ತು. ಹೊರಗೆ ನೋಡಲು ಅನುಕೂಲವಿಲ್ಲದ ಕಾರಣ ಎದೆಗೆ ಕಟ್ಟಿಕೊಂಡ ಪುಟ್ಟ ಟಿವಿಯಲ್ಲಿ ಕ್ಯಾಮೆರಾದ ದೃಶ್ಯವನ್ನೇ ನೋಡುತ್ತಾ, ಅಂದರೆ ತಮ್ಮನ್ನು ತಾವೇ ಪ್ರೇಕ್ಷಕರ ಕಣ್ಣಿನಿಂದ ಕಾಣುತ್ತಾ, ಅವರು ಹೆಜ್ಜೆ ಇಡಬೇಕಿತ್ತು. ಅದೇ ಕಾರ್ಯಕ್ರಮದಲ್ಲಿ ಕಸದ ಡಬ್ಬಿಯಲ್ಲಿ ವಾಸಿಸುವ ಸಿಡುಕ ಆಸ್ಕರ್‌ನ ಪಾತ್ರವೂ ಅವರದೇ. ನನ್ನ ದೃಷ್ಟಿಯಲ್ಲಿ ಅವರ ದನಿಯ ವ್ಯಾಪ್ತಿ ತಿಳಿಯುವುದು ಇವೆರಡನ್ನು ಒಟ್ಟಿಗೆ ಕೇಳಿದಾಗಲೇ.

ದನಿ ಒಬ್ಬರದು, ವೇಷ ಇನ್ನೊಬ್ಬರದು ಎಂಬ ಅನುಮಾನ ಅವರ ಕೊನೆಯ ವರ್ಷಗಳಿಗೆ ಮಾತ್ರ ಸರಿಹೊಂದುತ್ತದೆ. ದೇಹದ ಸಮತೋಲನದ ತೊಂದರೆಯಿಂದಾಗಿ 2015ರಲ್ಲಿ ಅವರು ವೇಷ ಧರಿಸುವುದನ್ನು ನಿಲ್ಲಿಸಿದ ನಂತರ ಬೊಂಬೆಯಾಟಗಾರ ಮ್ಯಾಟ್ ವೋಗೆಲ್ ಒಳಗಿದ್ದು ಆಡಿಸುತ್ತಿದ್ದರು, ದನಿ ಸ್ಪಿನ್ನಿಯವರದೇ ಆಗಿತ್ತು. 2018ರಲ್ಲಿ ನಿವೃತ್ತರಾದ ಅವರು 2019ರ ಡಿಸೆಂಬರ್‌ನಲ್ಲಿ ನಿಧನರಾದರು.